ನಾಲ್ಕು ಕೋಳಿ ಸಾಕೋಣ ಅಂದ್ರೆ, ಯಾವ ತಳಿ ತರೋದು?

ಸೊಪ್ಪಿನ ಮಡಿ ಆಯ್ತು, ಕಾಂಪೋಸ್ಟ್ ಡಬ್ಬಿ ಆಯ್ತು, ಮುಂದೇನು ಅಂತ ಕೇಳಿದರೆ ಈಗ ಬಹಳ ಜನ ಹೇಳೋದು ಕೋಳಿ. "ಮನೆ ಹಿಂದೆ ಸ್ವಲ್ಪ ಜಾಗ ಇದೆ, ಮನೆ ಮಟ್ಟಿಗೆ ಮೊಟ್ಟೆಗೆ ಅಂತ ನಾಲ್ಕು ಕೋಳಿ ಸಾಕೋಣ ಅಂತಿದೀವಿ, ಯಾವ ತಳಿ ತರೋದು?" ಈ ಅಂಕಣಕ್ಕೆ ಮೈಸೂರಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನ ಹೊರವಲಯದ ಲೇಔಟುಗಳಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಕೆಲಸಕ್ಕೆ ಹೋಗುವ ಗಂಡ ಹೆಂಡತಿ. ಮನೆಯಲ್ಲಿ ಒಂದು ಮಗು, ಊರಿಂದ ಬಂದಿರುವ ಅಮ್ಮ ಅಥವಾ ಅತ್ತೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿರುತ್ತಾರೆ. ಒಬ್ಬರು ಕಡಕ್‌ನಾಥ್ ಅಂತಾರೆ, ಇನ್ನೊಬ್ಬರು ಗಿರಿರಾಜ ಅಂತಾರೆ, ಮತ್ತೊಬ್ಬರು ವರ್ಷಕ್ಕೆ 300 ಮೊಟ್ಟೆ ಅಂತಾರೆ. ತಲೆ ಕೆಡದೆ ಇರುತ್ತಾ?

ಇವತ್ತು ಒಂದೊಂದೇ ತಳಿ ಹಿಡಿದು ನೋಡೋಣ. ಅದಕ್ಕೂ ಮೊದಲು ಒಂದು ಮಾತು. ತಳಿ ಆರಿಸುವಾಗ ಎಲ್ಲರೂ ಮೊದಲು ಕೇಳೋದು "ವರ್ಷಕ್ಕೆ ಎಷ್ಟು ಮೊಟ್ಟೆ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮೊದಲು ಮನೆಯವರೆಲ್ಲ ಕೂತು ಮೂರು ಪ್ರಶ್ನೆಗೆ ಉತ್ತರ ಹುಡುಕಬೇಕು. ಮರಿ ತಂದಾಗ ಅದರಲ್ಲಿ ಹುಂಜ ಬಂದರೆ ಏನು ಮಾಡ್ತೀರಿ? ನಿಮ್ಮ ಊರಿನ ಬಿಸಿಲು, ಮಳೆ ಎಂಥದ್ದು? ಮೂರು ವರ್ಷದ ನಂತರ ಕೋಳಿ ಮೊಟ್ಟೆ ಕಡಿಮೆ ಮಾಡಿದಾಗ ಅದರ ಗತಿ ಏನು? ಈ ಮೂರಕ್ಕೂ ಉತ್ತರ ಸಿಕ್ಕಿದರೆ ತಳಿ ತಾನಾಗೇ ಗೊತ್ತಾಗುತ್ತೆ.

ಮೊದಲು ಲೆಕ್ಕ, ಆಮೇಲೆ ಆಸೆ

ದೊಡ್ಡ ಹೇಂಟೆ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ನಾಲ್ಕಕ್ಕೆ ದಿನಕ್ಕೆ ಹತ್ತಿರಹತ್ತಿರ ಅರ್ಧ ಕಿಲೋ, ತಿಂಗಳಿಗೆ 14 ಕಿಲೋ. ವರ್ಷಕ್ಕೆ 180 ಮೊಟ್ಟೆ ಇಡುವ ತಳಿ ಅಂತ ಹಿಡಿದರೆ ನಾಲ್ಕು ಕೋಳಿಯಿಂದ 720 ಮೊಟ್ಟೆ. ಅಂದರೆ ಸರಾಸರಿ ದಿನಕ್ಕೆ ಎರಡು. ಆಹಾರ ಕಿಲೋಗೆ 40 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಮೊಟ್ಟೆಗೆ ಆಹಾರದ ಖರ್ಚೇ ಒಂಬತ್ತು ಹತ್ತು ರೂಪಾಯಿ ಬೀಳುತ್ತೆ. ಅಡುಗೆಮನೆಯ ಸೊಪ್ಪು, ತರಕಾರಿ ಸಿಪ್ಪೆ, ಉಳಿದ ಅನ್ನ, ಮುದ್ದೆ ಹಾಕಿದರೆ ಸ್ವಲ್ಪ ಇಳಿಯುತ್ತೆ. ಗೂಡಿನ ಖರ್ಚು ಇದರಲ್ಲಿ ಸೇರಿಲ್ಲ.

ಹಾಗಾಗಿ ದುಡ್ಡು ಉಳಿಸೋಕೆ ಅಂತ ಕೋಳಿ ಸಾಕೋದಾದರೆ ಬೇಡ, ಅಂಗಡಿಯ ಫಾರಂ ಮೊಟ್ಟೆಯೇ ಅಗ್ಗ. ಕೋಳಿಗೆ ಏನು ತಿನ್ನಿಸಿದ್ದೀವಿ ಅಂತ ಗೊತ್ತಿರುವ ಮೊಟ್ಟೆ ಬೇಕು, ಮಕ್ಕಳು ಪ್ರಾಣಿ ಜೊತೆ ಬೆಳೀಬೇಕು, ಅಡುಗೆಮನೆ ಕಸ ಗೊಬ್ಬರ ಆಗಬೇಕು ಅನ್ನೋರಿಗೆ ಇದು ಒಳ್ಳೆ ಹವ್ಯಾಸ.

ಎಷ್ಟು ಕೋಳಿ? ಮೂರರಿಂದ ಐದು ಸಾಕು. ಒಂಟಿ ಕೋಳಿ ಸಾಕಬಾರದು. ಅದು ಗುಂಪಿನ ಪ್ರಾಣಿ, ಜೊತೆ ಇಲ್ಲದಿದ್ದರೆ ಕೊರಗುತ್ತೆ. ಮೂರಿದ್ದರೆ ಒಂದು ಹೋದರೂ ಇನ್ನೆರಡಕ್ಕೆ ಜೊತೆ ಇರುತ್ತೆ.

ಹುಂಜದ ಪ್ರಶ್ನೆ

ತನ್ನ ಹುಂಜ ಕೂಗಿದರೇನೇ ಊರಿಗೆ ಬೆಳಗಾಗೋದು ಅಂದುಕೊಂಡು ಅದನ್ನ ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟುಹೋದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ನಗರದಲ್ಲಿ ಕಥೆ ಉಲ್ಟಾ. ಬೆಳಿಗ್ಗೆ ನಾಲ್ಕೂವರೆಗೆ ನಿಮ್ಮ ಹುಂಜ ಕೂಗಿದರೆ, ರಾತ್ರಿ ಪಾಳಿ ಮುಗಿಸಿ ಮಲಗಿರುವ ಪಕ್ಕದ ಮನೆಯವರೇ ನಿಮ್ಮನ್ನ ಊರು ಬಿಡಿಸ್ತಾರೆ!

ಸಮಾಧಾನದ ವಿಷಯ ಏನಂದ್ರೆ ಮೊಟ್ಟೆಗೆ ಹುಂಜ ಬೇಕಾಗೇ ಇಲ್ಲ. ಹುಂಜ ಇರಲಿ ಬಿಡಲಿ, ಹೇಂಟೆ ತನ್ನ ಪಾಡಿಗೆ ಮೊಟ್ಟೆ ಇಡುತ್ತೆ. ಹುಂಜ ಜೊತೆಗಿಲ್ಲದ ಕೋಳಿಯ ಮೊಟ್ಟೆಯಿಂದ ಮರಿ ಆಗೋಲ್ಲ, ಅಷ್ಟೆ. ಮನೆಯಲ್ಲಿ "ಅದರೊಳಗೆ ಜೀವ ಇರುತ್ತಲ್ಲ" ಅಂತ ಮುಜುಗರ ಪಡುವ ಹಿರಿಯರಿದ್ದರೆ ಇದನ್ನ ಅವರಿಗೆ ಬಿಡಿಸಿ ಹೇಳಬಹುದು. ತಿನ್ನೋದು ಬಿಡೋದು ಅವರ ಇಷ್ಟ.

ಕಷ್ಟ ಇರೋದು ಮರಿ ಕೊಳ್ಳುವಾಗ. ಹಿತ್ತಲ ಸಾಕಣೆಗೆ ಅಂತ ಸಿಗುವ ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಒಂದು ದಿನದ ಮರಿಗಳನ್ನ ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೆ ಕೊಡ್ತಾರೆ. ಹತ್ತು ಮರಿ ತಂದರೆ ಐದಾದರೂ ಹುಂಜ ಆಗಬಹುದು. ಕೋಳಿ ತಿನ್ನುವ ಮನೆಯಲ್ಲಿ ಇದು ಸಮಸ್ಯೆಯೇ ಅಲ್ಲ. ತಿನ್ನದ ಮನೆಯಲ್ಲಿ, ಅಥವಾ ಮಗು ಆಗಲೇ ಎಲ್ಲಕ್ಕೂ ಹೆಸರಿಟ್ಟಿರುವ ಮನೆಯಲ್ಲಿ, ಮೂರನೇ ತಿಂಗಳಿಗೆ ದೊಡ್ಡ ಸಂಕಟ.

ಇದೇ ಕಾರಣಕ್ಕೆ ಜಾತ್ರೆಯಲ್ಲಿ, ಸಿಗ್ನಲ್ ಹತ್ತಿರ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನ ಮಗು ಎಷ್ಟೇ ಹಠ ಮಾಡಿದರೂ ತರಬೇಡಿ. ಮೊಟ್ಟೆ ಕೋಳಿಗಳ ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಹೆಣ್ಣು ಮರಿಗಳನ್ನ ಆರಿಸಿಕೊಳ್ತಾರೆ. ಮೊಟ್ಟೆ ಇಡದ, ಮಾಂಸವೂ ತುಂಬದ ಗಂಡು ಮರಿಗಳು ಅಲ್ಲಿ ಬೇಡವಾದ ಸರಕು; ಬಹುಪಾಲನ್ನ ಅವತ್ತೇ ಕೊಲ್ಲುತ್ತಾರೆ. ಬಣ್ಣ ಬಳಿದು ಬೀದಿಗೆ ಬರುವವು ಹೆಚ್ಚಾಗಿ ಅವೇ. ಲಸಿಕೆ ಇಲ್ಲ, ಬೆಚ್ಚಗಿನ ಜಾಗ ಇಲ್ಲ, ಬಹಳಷ್ಟು ಒಂದು ವಾರವೂ ಬದುಕೋಲ್ಲ.

ಹಾಗಾದರೆ ದಾರಿ? ಎರಡೂವರೆ ಮೂರು ತಿಂಗಳು ಬೆಳೆದ, ಲಸಿಕೆ ಆಗಿರುವ ಹೆಣ್ಣು ಮರಿಗಳನ್ನೇ ಆರಿಸಿ ತನ್ನಿ. ಆ ವಯಸ್ಸಿಗೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪಗಾಗಿರುತ್ತೆ, ಕಾಲು ದಪ್ಪ ಇರುತ್ತೆ, ಬಾಲದ ಹತ್ತಿರ ಉದ್ದನೆಯ ಚೂಪು ಗರಿ ಬರೋಕೆ ಶುರುವಾಗಿರುತ್ತೆ. ನೋಡಿದರೆ ಗೊತ್ತಾಗುತ್ತೆ. ದುಡ್ಡು ಜಾಸ್ತಿ, ಆದರೆ ಮರಿಗೆ ಬಲ್ಬ್ ಕಾವು ಕೊಡುವ ಕೆಲಸ ಉಳಿಯುತ್ತೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸ್ತಾ ಬರಬೇಕು. ಒಂಬತ್ತು ಗಂಟೆಗೆ ಆಫೀಸಿಗೆ ಹೊರಡುವವರಿಗೆ ಇದು ಸುಲಭ ಅಲ್ಲ.

ಲಸಿಕೆ ವಿಷಯದಲ್ಲೂ ಇದೇ ಜಾಣತನ. ಕೊಕ್ಕರೆ ರೋಗ ಅಂತ ನಮ್ಮ ರೈತರು ಕರೆಯುವ ರಾಣಿಖೇತ್ ಕಾಯಿಲೆ ಬಂದರೆ ಇಡೀ ಗೂಡು ಎರಡು ಮೂರು ದಿನದಲ್ಲಿ ಖಾಲಿ. ಅದಕ್ಕೆ ಮೊದಲ ವಾರ ಒಂದು ಲಸಿಕೆ, ನಾಲ್ಕನೇ ವಾರ ಇನ್ನೊಂದು, ಎಂಟನೇ ವಾರದ ಹೊತ್ತಿಗೆ ಮತ್ತೊಂದು ಅಂತ ಕೊಡ್ತಾರೆ. ಗಂಬೋರೊ, ಸಿಡುಬಿನ ಲಸಿಕೆ ಬೇರೆ. ಈ ಲಸಿಕೆಗಳ ಒಂದು ಸೀಸೆಯಲ್ಲೇ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತೆ, ಕಲಸಿದ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ಮರಿಗಾಗಿ ಒಂದು ಸೀಸೆ ಒಡೆಯೋದು ಯಾರಿಗೂ ಪೂರೈಸೋಲ್ಲ.

ಈಗ ತಳಿಗಳ ಸರದಿ

*ನಾಟಿ ಕೋಳಿ.* ಹುಬ್ಬಳ್ಳಿ ಕಡೆಯವರ ಜವಾರಿ ಕೋಳಿ. ಚುರುಕು, ಗಟ್ಟಿ, ಇದ್ದದ್ದನ್ನ ತಿಂದು ಬದುಕುತ್ತೆ, ಹದ್ದು ಬಂದರೆ ಮೊದಲೇ ಗೊತ್ತಾಗುತ್ತೆ. ವರ್ಷಕ್ಕೆ 50ರಿಂದ 70 ಮೊಟ್ಟೆ ಇಟ್ಟರೆ ಹೆಚ್ಚು. ಹತ್ತು ಹದಿನೈದು ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುತ್ತೆ. ಕೂತಿತೆಂದರೆ ಅಲ್ಲಿಗೆ ಮೊಟ್ಟೆ ಬಂದ್. ಕಾವು ಬಿಡಿಸಿದರೂ ಮತ್ತೆ ಶುರು ಮಾಡೋಕೆ ದಿನ ಹಿಡಿಯುತ್ತೆ. ಇನ್ನೊಂದು ತೊಂದರೆ, ಆರಡಿ ಕಾಂಪೌಂಡ್ ಅದಕ್ಕೆ ಲೆಕ್ಕವೇ ಅಲ್ಲ. ಹಾರಿ ಪಕ್ಕದ ಮನೆಯ ದಾಸವಾಳದ ಬುಡ ಕೆದಕಿ ಬರುತ್ತೆ. ಹಳ್ಳಿಗೆ ಇದು ರಾಣಿ. ನಗರದ ಚಿಕ್ಕ ಹಿತ್ತಲಿಗೆ, ಅದೂ ಮೊಟ್ಟೆಗೆ ಅಂತ ಸಾಕುವವರಿಗೆ, ಹೊಂದೋದು ಕಷ್ಟ.

*ಬಿಳಿ ಲೆಗಾರ್ನ್ ಮತ್ತು ಅದರ ಮಿಶ್ರ ತಳಿಗಳು.* ಅಂಗಡಿಯ ಬಿಳಿ ಮೊಟ್ಟೆ ಇಡೋದು ಇವೇ. ಬಿವಿ-300 ಅನ್ನೋದು ನಮ್ಮ ದೇಶದ ಫಾರಂಗಳಲ್ಲಿ ಎಲ್ಲೆಲ್ಲೂ ಇರುವ ಹೆಸರು. ವರ್ಷಕ್ಕೆ 300 ದಾಟುವ ಮೊಟ್ಟೆ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ, ಅದು ಈ ಕೋಳಿಯ ಲೆಕ್ಕ. ಮೈ ತೂಕ ಒಂದೂವರೆ ಕಿಲೋ ಆಸುಪಾಸು. ಆದರೆ ಆ 300 ಬರೋದು ಅಳೆದು ತೂಗಿ ಕೊಡುವ ಆಹಾರ, ದಿನಕ್ಕೆ 16 ಗಂಟೆ ಬೆಳಕು, ಗೂಡಿನ ಲೆಕ್ಕಾಚಾರ ಎಲ್ಲ ಕೂಡಿದಾಗ. ನಿಮ್ಮ ಹಿತ್ತಲಲ್ಲಿ ಅನ್ನ, ಸಿಪ್ಪೆ ಹಾಕಿಕೊಂಡು ಅಷ್ಟು ನಿರೀಕ್ಷೆ ಮಾಡಬೇಡಿ. ಆಹಾರ ಸಾಲದಿದ್ದರೂ ಅದರ ಮೈ ಮೊಟ್ಟೆ ಇಡೋದನ್ನ ಸುಲಭಕ್ಕೆ ನಿಲ್ಲಿಸೋಲ್ಲ. ಚಿಪ್ಪಿಗೆ ಬೇಕಾದ ಸುಣ್ಣಾಂಶವನ್ನ ಮೂಳೆಯಿಂದಲೇ ಎಳೆಯುತ್ತೆ. ಮೂಳೆ ಟೊಳ್ಳಾಗಿ ಮುರಿಯುತ್ತೆ. ಜೊತೆಗೆ ಸ್ವಭಾವ ಬೆದರುಬೆದರು, ಮಕ್ಕಳ ಕೈಗೆ ಸಿಗೋಲ್ಲ.

ಕೆಲವರು ಫಾರಂನಲ್ಲಿ ಒಂದೂವರೆ ವರ್ಷ ಮೊಟ್ಟೆ ಇಟ್ಟು ಮಾರಾಟಕ್ಕೆ ಬಂದ ಕೋಳಿಗಳನ್ನ ಅಗ್ಗಕ್ಕೆ ತಂದು ಸಾಕ್ತಾರೆ. ಕನಿಕರದಿಂದ ತರೋದಾದರೆ ತನ್ನಿ, ಮೊಟ್ಟೆಯ ಲೆಕ್ಕ ಇಟ್ಟುಕೊಂಡು ತರಬೇಡಿ.

*ಗಿರಿರಾಜ.* ಕನ್ನಡಿಗರಿಗೆ ಮನೆಮಾತಾದ ಹೆಸರು. 1980ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ಆ ಕಾಲೇಜು ಈಗ ಬೀದರಿನಲ್ಲಿ ಕೇಂದ್ರ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬರುತ್ತೆ. ಹಳ್ಳಿಯ ಬಡ ಮನೆಗೆ ಮಾಂಸ, ಮೊಟ್ಟೆ ಎರಡೂ ಸಿಗಲಿ ಅಂತ ಮಾಡಿದ ಬಣ್ಣದ ಕೋಳಿ ಇದು. ವರ್ಷಕ್ಕೆ 130ರಿಂದ 150 ಮೊಟ್ಟೆ, ರೋಗ ತಡೆಯುವ ಶಕ್ತಿ ಚೆನ್ನಾಗಿದೆ, ಸ್ವಭಾವ ಸಾಧು. ಮೈ ಭಾರ, ಹೇಂಟೆಯೇ ಮೂರು ಕಿಲೋ ದಾಟುತ್ತೆ. ಆ ಭಾರಕ್ಕೆ ಹಾರೋಕಾಗೋಲ್ಲ, ಹಾಗಾಗಿ ನಾಲ್ಕಡಿ ಬೇಲಿ ಸಾಕು. ಆದರೆ ನಾಯಿ, ಮುಂಗುಸಿ ಬಂದರೆ ತಪ್ಪಿಸಿಕೊಳ್ಳೋಕೂ ಆಗೋಲ್ಲ. ಓಡಾಡೋಕೆ ಜಾಗ ಸಾಲದೆ ಅನ್ನ, ಜೋಳ ಸುರಿದರೆ ಕೊಬ್ಬು ಕಟ್ಟಿ ಮೊಟ್ಟೆ ಇನ್ನೂ ಕಡಿಮೆಯಾಗುತ್ತೆ. ಮಾಂಸವನ್ನೂ ತಿನ್ನುವ ಮನೆಗೆ, ಸ್ವಲ್ಪ ದೊಡ್ಡ ಜಾಗ ಇದ್ದವರಿಗೆ ಇದು ಸರಿ.

*ಸ್ವರ್ಣಧಾರ.* ಹೆಬ್ಬಾಳದ್ದೇ ತಳಿ, 2005ರಲ್ಲಿ ಬಿಡುಗಡೆಯಾಯ್ತು. ಗಿರಿರಾಜಕ್ಕಿಂತ ಮೈ ಹಗುರ, ಮೊಟ್ಟೆ ಜಾಸ್ತಿ: ವರ್ಷಕ್ಕೆ 180ರಿಂದ 190. ಮೈ ಹಗುರ ಇರೋದರಿಂದ ಬೆಕ್ಕು, ನಾಯಿ ಕಂಡರೆ ಓಡಿ ತಪ್ಪಿಸಿಕೊಳ್ಳೋಕೆ ಗಿರಿರಾಜಕ್ಕಿಂತ ಮೇಲು. ನಮ್ಮ ಹವೆಗೆ ಅಂತಲೇ ಮಾಡಿದ್ದು. ದಕ್ಷಿಣ ಕರ್ನಾಟಕದ ನಗರಗಳಲ್ಲಿ ಮೊಟ್ಟೆಗೆ ನಾಲ್ಕು ಕೋಳಿ ಅಂತ ಕೇಳಿದವರಿಗೆ ನಾನು ಮೊದಲು ಹೇಳುವ ಹೆಸರು ಇದು.

*ಗ್ರಾಮಪ್ರಿಯ ಮತ್ತು ವನರಾಜ.* ಎರಡೂ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ಸಂಸ್ಥೆಯ ತಳಿಗಳು. ಹೆಸರು ಜೊತೆಜೊತೆಗೇ ಕೇಳಿಬರುತ್ತೆ, ಹಾಗಾಗಿ ಜನ ಗೊಂದಲ ಮಾಡಿಕೊಳ್ತಾರೆ. ವನರಾಜ ಮಾಂಸದ ಕಡೆ ವಾಲುವ ಕೋಳಿ, ಹಿತ್ತಲಲ್ಲಿ ವರ್ಷಕ್ಕೆ 100ರಿಂದ 110 ಮೊಟ್ಟೆ. ಗ್ರಾಮಪ್ರಿಯ ಮೊಟ್ಟೆಗೆ ಅಂತಲೇ ಮಾಡಿದ್ದು, ಹಿತ್ತಲಲ್ಲಿ 160ರಿಂದ 180 ಕಂದು ಮೊಟ್ಟೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಹೈದರಾಬಾದ್ ಹತ್ತಿರ, ಅವರು ಗ್ರಾಮಪ್ರಿಯ ಹುಡುಕಬಹುದು.

*ಕಾವೇರಿ.* ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ತಳಿ. ಬಣ್ಣದ ಕೋಳಿ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 150ರ ಮೇಲೆ ಮೊಟ್ಟೆ. ಸ್ವರ್ಣಧಾರ ಸಿಗದೆ ಇದ್ದರೆ ಇದನ್ನ ತರೋಕೆ ಯೋಚನೆ ಬೇಡ.

*ಕಂದು ಮೊಟ್ಟೆಯ ಬಿವಿ-380.* ಕೇರಳದಲ್ಲಿ ತಾರಸಿ ಗೂಡುಗಳಲ್ಲಿ ಬಹಳ ಜನ ಸಾಕುವ ಕೋಳಿ, ಈಗ ಮಂಗಳೂರು, ಬೆಂಗಳೂರು ಕಡೆಗೂ ಬಂದಿದೆ. ಕಂದು ಪುಕ್ಕ, ಶಾಂತ ಸ್ವಭಾವ, ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ. ಹೆಣ್ಣು ಅಂತ ಆರಿಸಿಯೇ ಮಾರೋದರಿಂದ ಹುಂಜದ ರಗಳೆ ಇಲ್ಲ. ಆದರೆ ಇದು ಕೈ ತುಂಬ ಕೇಳುವ ಕೋಳಿ. ಸರಿಯಾದ ಲೇಯರ್ ಫೀಡ್ ದಿನಾ ಬೇಕೇ ಬೇಕು, ಅಡುಗೆಮನೆ ಸಿಪ್ಪೆ ನಂಬಿಕೊಂಡರೆ ಆಗೋಲ್ಲ. ಮೊದಲ ಒಂದೂವರೆ ವರ್ಷ ಜೋರು, ಆಮೇಲೆ ಇಳಿತ.

*ಕಡಕ್‌ನಾಥ್.* ಮಧ್ಯಪ್ರದೇಶದ ಝಾಬುವಾ ಕಡೆಯ ಕಪ್ಪು ಕೋಳಿ. 2018ರಲ್ಲಿ ಇದರ ಮಾಂಸಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಮೇಲೆ ಹೆಸರು ಇನ್ನೂ ಏರಿತು. ಕೋಳಿ ಕಪ್ಪು, ಮಾಂಸ ಕಪ್ಪು, ಮೊಟ್ಟೆ ಮಾತ್ರ ಎಲ್ಲದರ ಹಾಗೆ ತಿಳಿಗಂದು. ವರ್ಷಕ್ಕೆ ನೂರರ ಒಳಗೇ. ನೋಡೋಕೆ ಚಂದ, ಇಷ್ಟಪಟ್ಟು ಸಾಕೋದಾದರೆ ಸರಿ. ಮೊಟ್ಟೆಗಾಗಿ ಅಷ್ಟು ದುಡ್ಡು ಸುರಿಯಬೇಡಿ.

*ಅಸೀಲ್.* ಕಾಳಗಕ್ಕೆ ಹೆಸರಾದ ತಳಿ. ಮೊಟ್ಟೆ ಕಡಿಮೆ, ಜಗಳ ಜಾಸ್ತಿ. ಚಿಕ್ಕ ಜಾಗ, ಚಿಕ್ಕ ಮಕ್ಕಳು ಇರುವ ಮನೆಗೆ ಬೇಡ.

ಒಂದು ಎಚ್ಚರಿಕೆ. ಗಿರಿರಾಜ, ಸ್ವರ್ಣಧಾರ, ಗ್ರಾಮಪ್ರಿಯ ಇವೆಲ್ಲ ಮಿಶ್ರ ತಳಿಗಳು. ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ಅವು ತಾಯಿಯ ಹಾಗೇ ಮೊಟ್ಟೆ ಇಡುತ್ತವೆ ಅನ್ನೋ ಖಾತ್ರಿ ಇಲ್ಲ. ಊರೂರು ತಿರುಗಿ ಮಾರುವವರ ಹತ್ತಿರ ಬಣ್ಣಬಣ್ಣದ ಮರಿ ಎಲ್ಲವೂ "ಗಿರಿರಾಜ"ವೇ. ಸಾಧ್ಯವಾದಷ್ಟು ಹೆಬ್ಬಾಳ, ಹೆಸರಘಟ್ಟದಂಥ ಸರ್ಕಾರಿ ಕೇಂದ್ರಗಳಲ್ಲಿ, ಪಶುಸಂಗೋಪನಾ ಇಲಾಖೆಯ ಕೋಳಿ ಫಾರಂಗಳಲ್ಲಿ ವಿಚಾರಿಸಿ. ಮೊದಲೇ ಹೆಸರು ಬರೆಸಿ ಕಾಯಬೇಕಾಗಬಹುದು. ಅಲ್ಲಿ ಮರಿ ತಂದು ಬೆಳೆಸಿ ಮಾರುವ ರೈತರೂ ಇರ್ತಾರೆ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ಸಿಗುತ್ತೆ. ನಾಲ್ಕನ್ನೂ ಒಂದೇ ಕಡೆಯಿಂದ, ಒಂದೇ ವಯಸ್ಸಿನದು ತನ್ನಿ. ಇಲ್ಲೊಂದು ಅಲ್ಲೊಂದು ತಂದರೆ ರೋಗವೂ ಬರುತ್ತೆ, ದೊಡ್ಡದು ಚಿಕ್ಕದನ್ನ ಕುಕ್ಕಿ ಕುಕ್ಕಿ ಗಾಯ ಮಾಡುತ್ತೆ.

ಊರು ನೋಡಿ ತಳಿ

ಬೆಂಗಳೂರು, ಮೈಸೂರು, ಹಾಸನದವರಿಗೆ ಹವೆ ಅಷ್ಟು ತಲೆನೋವಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಕೋಳಿಗೆ ಬೆವರು ಬರೋಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. 35 ಡಿಗ್ರಿ ಮೇಲೆ ಹೋದರೆ ತಿನ್ನೋದು ಕಡಿಮೆ ಮಾಡುತ್ತೆ, ಚಿಪ್ಪು ತೆಳುವಾಗುತ್ತೆ, ಮೊಟ್ಟೆ ಇಳಿಯುತ್ತೆ. ಭಾರದ ಕೋಳಿ ಮಧ್ಯಾಹ್ನದ ಸೆಖೆಗೆ ಸತ್ತೂ ಹೋಗಬಹುದು. ಆ ಕಡೆಗೆ ಗಿರಿರಾಜಕ್ಕಿಂತ ಹಗುರ ಮೈಯ ಗ್ರಾಮಪ್ರಿಯ ಒಳ್ಳೇದು. ನಾಟಿಯಲ್ಲೂ ಬೋಳುಕತ್ತಿನ ಕೋಳಿ ಇರುತ್ತಲ್ಲ, ನೋಡೋಕೆ ವಿಚಿತ್ರ ಅಂತ ನಗ್ತೀವಿ, ಪುಕ್ಕ ಕಡಿಮೆ ಇರೋದರಿಂದ ಸೆಖೆ ತಡೆಯೋದರಲ್ಲಿ ಅದು ಮುಂದೆ. ಯಾವ ತಳಿಯಾದರೂ ತಗಡಿನ ಸೂರು ಬೇಡ. ಹಾಕಲೇಬೇಕಾದರೆ ಮೇಲೆ ತೆಂಗಿನ ಗರಿ ಹೊದಿಸಿ.

ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನಲ್ಲಿ ಶತ್ರು ತೇವ. ನೆಲದ ಹೊಟ್ಟು ಒದ್ದೆಯಾದರೆ ರಕ್ತಭೇದಿ, ಹುಳು, ವಾಸನೆ. ಅಲ್ಲಿ ತಳಿಗಿಂತ ಗೂಡು ಮುಖ್ಯ: ನೆಲದಿಂದ ಎರಡಡಿ ಎತ್ತರದ, ಗಾಳಿಯಾಡುವ ಗೂಡು ಇಲ್ಲದೆ ಯಾವ ತಳಿ ತಂದರೂ ಪ್ರಯೋಜನ ಇಲ್ಲ.

ಜಾಗ, ಸಮಯ, ಪಕ್ಕದ ಮನೆ

ನಾಲ್ಕು ಹಗುರ ಕೋಳಿಗೆ ರಾತ್ರಿ ಮಲಗೋಕೆ ನಾಲ್ಕಡಿಗೆ ಮೂರಡಿಯ ಗೂಡು, ಹಗಲು ಓಡಾಡೋಕೆ ಎಂಟಡಿಗೆ ಐದಡಿಯ ಜಾಲರಿ ಅಂಗಳ ಬೇಕು. ಅದಕ್ಕಿಂತ ಕಡಿಮೆ ಜಾಗ ಇದ್ದರೆ ಕೋಳಿ ಸಂಖ್ಯೆ ಇಳಿಸಿ. ಒಳಗೆ ಕೂರೋಕೆ ಒಂದು ಅಡ್ಡ ಕೋಲು, ಮೊಟ್ಟೆ ಇಡೋಕೆ ಒಂದಡಿ ಚೌಕದ ಒಂದು ಡಬ್ಬ ಸಾಕು, ನಾಲ್ಕೂ ಸರದಿಯಲ್ಲಿ ಅದರಲ್ಲೇ ಇಡುತ್ತವೆ. 30×40 ಸೈಟಿನಲ್ಲಿ ಮೂರಡಿ ಸಂದು ಬಿಟ್ಟು ಪೂರ್ತಿ ಮನೆ ಕಟ್ಟಿದವರು ಆ ಸಂದಿನಲ್ಲಿ ಕೋಳಿ ತುರುಕಬೇಡಿ. ಬಿಸಿಲು ಬೀಳದ, ಗಾಳಿ ಆಡದ ಜಾಗದಲ್ಲಿ ವಾಸನೆ, ಕಾಯಿಲೆ ಎರಡೂ ಬರುತ್ತೆ.

ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹತ್ತು ನಿಮಿಷ, ಭಾನುವಾರ ಒಂದು ಗಂಟೆ. ಕೆಲಸ ಇಷ್ಟೇ, ಆದರೆ ಒಂದು ದಿನವೂ ತಪ್ಪುವಂತಿಲ್ಲ. ಕತ್ತಲಾದ ಮೇಲೆ ಬಾಗಿಲು ಹಾಕೋಕೆ ಒಂದು ದಿನ ತಡವಾದರೆ ಬೆಕ್ಕು, ಹೆಗ್ಗಣ, ಮುಂಗುಸಿ ಕಾದಿರುತ್ತೆ. ದಸರಾಕ್ಕೆ ಊರಿಗೆ ಹೋದಾಗ ಯಾರು ನೋಡ್ತಾರೆ ಅನ್ನೋದನ್ನ ಈಗಲೇ ಯೋಚಿಸಿ. ಪಕ್ಕದ ಮನೆಯವರನ್ನ ಮೊದಲೇ ಕೇಳಿ, ಅವರ ಮನೆಗೂ ಆಗಾಗ ನಾಲ್ಕು ಮೊಟ್ಟೆ ಹೋಗಲಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ, ಲೇಔಟ್ ಆದರೆ ಸಂಘದ ಒಪ್ಪಿಗೆ, ನಿಮ್ಮ ನಗರಸಭೆ ಅಥವಾ ಪಾಲಿಕೆಯ ನಿಯಮ, ಮೂರನ್ನೂ ವಿಚಾರಿಸಿಯೇ ಮುಂದುವರೀರಿ.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನೆನಪಿರಬಹುದು. ಹಿತ್ತಲ ನಾಲ್ಕು ಕೋಳಿಯೂ ಇದಕ್ಕೆ ಹೊರತಲ್ಲ. ಎರಡು ಮೂರು ಕೋಳಿ ಒಟ್ಟಿಗೆ ಸತ್ತರೆ ಸುಮ್ಮನೆ ಹೂತು ಕೈ ತೊಳೆದುಕೊಳ್ಳಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಕೋಳಿ ಮುಟ್ಟಿದ ಮೇಲೆ ಮಕ್ಕಳ ಕೈಗೆ ಸೋಪು ಕಡ್ಡಾಯ.

ಮೂರನೇ ವರ್ಷದ ಮಾತು

ಈಗ ಯಾವ ವಿಡಿಯೋದಲ್ಲೂ ಹೇಳದ ವಿಷಯ. ಐದು ಆರು ತಿಂಗಳಿಗೆ ಮೊಟ್ಟೆ ಶುರು. ಮೊದಲ ವರ್ಷ ಹೆಚ್ಚು. ಆಮೇಲೆ ಒಮ್ಮೆ ಪುಕ್ಕ ಉದುರಿಸಿ ಎರಡು ಮೂರು ತಿಂಗಳು ವಿಶ್ರಾಂತಿ ತಗೊಳ್ಳುತ್ತೆ. ಎರಡನೇ ವರ್ಷ ಮೊಟ್ಟೆ ಕಡಿಮೆ, ಮೂರನೇ ವರ್ಷ ಇನ್ನೂ ಕಡಿಮೆ. ಆದರೆ ಕೋಳಿಯ ಆಯಸ್ಸು ಆರು, ಎಂಟು ವರ್ಷ. ಅಂದರೆ ಮೊಟ್ಟೆ ಕೊಡುವ ಕಾಲಕ್ಕಿಂತ ಕೊಡದ ಕಾಲವೇ ಹೆಚ್ಚು.

ಫಾರಂನಲ್ಲಿ ಈ ಪ್ರಶ್ನೆ ಇಲ್ಲ, ಲೆಕ್ಕ ಮುಗಿದ ದಿನ ಲಾರಿ ಬರುತ್ತೆ. ಹಳ್ಳಿ ಮನೆಯಲ್ಲೂ ಇರಲಿಲ್ಲ. ನೆಂಟರು ಬಂದಾಗ, ಹಬ್ಬ ಬಂದಾಗ ಅದು ಸಾರಾಗುತ್ತಿತ್ತು, ಯಾರೂ ಮುಚ್ಚಿಡುತ್ತಿರಲಿಲ್ಲ. ನಗರದ ನಮ್ಮ ಮನೆಗಳು ಎರಡರ ಮಧ್ಯೆ ಇವೆ. ಮೊಟ್ಟೆ ಬೇಕು, ಕೊಯ್ಯೋಕೆ ಮನಸ್ಸಿಲ್ಲ, ಇಟ್ಟುಕೊಳ್ಳೋಕೆ ಜಾಗ ಇಲ್ಲ. ಕೊನೆಗೆ ಒಂದು ದಿನ ಮಗು ಸ್ಕೂಲಿಗೆ ಹೋದ ಹೊತ್ತಲ್ಲಿ ಯಾರಿಗೋ ಕೊಟ್ಟುಬಿಟ್ಟು "ಊರಿಗೆ ಕಳಿಸಿದ್ವಿ ಪುಟ್ಟಾ" ಅನ್ನೋದು. ಹೀಗೆ ಆಗದಿರಲಿ ಅಂತಲೇ ನಾನು ಮೊಟ್ಟೆ ಸಂಖ್ಯೆಯನ್ನ ಕೊನೆಗೆ ಇಟ್ಟಿದ್ದು.

ನೀವು ಕೋಳಿ ತಿನ್ನುವ ಮನೆಯವರಾದರೆ, ಮನೆಯವರೆಲ್ಲ ಒಪ್ಪಿದರೆ, ಗಿರಿರಾಜವೇ ಆಗಲಿ, ಕಾವೇರಿಯೇ ಆಗಲಿ, ಎರಡೂ ಉಪಯೋಗ ಇರುವ ತಳಿ ತನ್ನಿ. ಅದನ್ನ ಮಗುವಿಗೂ ಮೊದಲೇ ಹೇಳಿ. ಹೆಸರಿಡೋದು ಬಿಡೋದು ಅದರ ಮೇಲೆ ತೀರ್ಮಾನವಾಗಲಿ. ತಿನ್ನದ ಮನೆಯವರಾದರೆ 250, 300 ಮೊಟ್ಟೆಯ ಆಸೆ ಬಿಡಿ. ವರ್ಷಕ್ಕೆ 160, 180 ಇಡುವ ಸ್ವರ್ಣಧಾರ, ಗ್ರಾಮಪ್ರಿಯದಂಥ ಮಧ್ಯಮ ತಳಿ ತನ್ನಿ. ಮೈ ಅಷ್ಟು ಸವೆಯೋಲ್ಲ. ಐದರ ಜಾಗ ಇದ್ದರೆ ಮೊದಲು ಮೂರೇ ತನ್ನಿ. ಮೂರು ವರ್ಷದ ನಂತರ ಇನ್ನೆರಡು ಸೇರಿಸಿದರೆ ಮೊಟ್ಟೆಯೂ ನಿಲ್ಲೋಲ್ಲ, ಹಳೇ ಮೂರೂ ಇರುತ್ತವೆ. ಮುದಿ ಕೋಳಿಯೂ ಸೊಪ್ಪಿನ ಮಡಿಯ ಹುಳು ತಿನ್ನುತ್ತೆ, ಗೊಬ್ಬರ ಕೊಡುತ್ತೆ. ಅದು ತಿನ್ನುವ ತಿಂಗಳಿನ ಮೂರೂವರೆ ಕಿಲೋ ಆಹಾರವನ್ನ ಈಗಲೇ ಲೆಕ್ಕದಲ್ಲಿ ಬರೆದಿಡಿ.

ಈ ಎರಡಕ್ಕೂ ಮನಸ್ಸು ಒಪ್ಪದಿದ್ದರೆ, ನಾಚಿಕೆ ಏನಿಲ್ಲ, ಪರಿಚಯದ ರೈತರಿಂದ ವಾರಕ್ಕೊಮ್ಮೆ ನಾಟಿ ಮೊಟ್ಟೆ ತರಿಸಿಕೊಳ್ಳಿ.

ಸುಲಭಕ್ಕೆ ಹೇಳೋದಾದರೆ

ಬೆಂಗಳೂರು, ಮೈಸೂರು, ತುಮಕೂರು, ಮೊಟ್ಟೆ ಮಾತ್ರ ಬೇಕು: ಸ್ವರ್ಣಧಾರ, ಇಲ್ಲದಿದ್ದರೆ ಕಾವೇರಿ.
ಉತ್ತರ ಕರ್ನಾಟಕದ ಬಿಸಿಲೂರು: ಗ್ರಾಮಪ್ರಿಯ.
ಮಾಂಸ, ಮೊಟ್ಟೆ ಎರಡೂ, ಸ್ವಲ್ಪ ದೊಡ್ಡ ಜಾಗ: ಗಿರಿರಾಜ.
ಜಾಗ ತೀರಾ ಕಡಿಮೆ, ದಿನಾ ಲೇಯರ್ ಫೀಡ್ ಹಾಕ್ತೀನಿ ಅನ್ನೋರು: ಎರಡು ಮೂರು ಬಿವಿ-380.
ತೋಟದ ಮನೆ, ಮರಿ ಮಾಡಿಸೋ ಆಸೆ: ನಾಟಿ.

ಕಂದು ಮೊಟ್ಟೆ ಹೆಚ್ಚು ಸತ್ವದ್ದು ಅನ್ನೋದನ್ನ ತಲೆಯಿಂದ ತೆಗೆದುಬಿಡಿ. ಚಿಪ್ಪಿನ ಬಣ್ಣ ತಳಿಯದ್ದು, ಭಂಡಾರದ ಬಣ್ಣ ತಿಂದ ಸೊಪ್ಪು, ಮೆಕ್ಕೆಜೋಳದ್ದು. ನುಗ್ಗೆಸೊಪ್ಪು ಹಾಕಿ ನೋಡಿ, ಹದಿನೈದು ದಿನದಲ್ಲಿ ನಿಮಗೇ ಗೊತ್ತಾಗುತ್ತೆ.

ಮುಂದಿನ ಸಲ ಗೂಡು ಕಟ್ಟೋದು ಹೇಗೆ, ಯಾವ ಜಾಲರಿ, ವಾಸನೆ ಬರದ ಹಾಗೆ ಹೊಟ್ಟು ಹಾಸೋದು ಹೇಗೆ ಅಂತ ನೋಡೋಣ. ಅಲ್ಲಿಯವರೆಗೆ ಕೋಳಿ ತರೋಕೆ ಹೋಗಬೇಡಿ. ಗೂಡು ಮೊದಲು, ಕೋಳಿ ಆಮೇಲೆ. ನಿಮ್ಮ ಊರು, ಹಿತ್ತಲಿನ ಅಳತೆ ಬರೆದು ಕಳಿಸಿ, ನಿಮ್ಮ ಜಾಗಕ್ಕೆ ಎಷ್ಟು ಕೋಳಿ ಹಿಡಿಯುತ್ತೆ ಅಂತ ಒಟ್ಟಿಗೆ ಲೆಕ್ಕ ಹಾಕೋಣ.